ತಪ್ಪಾಗಿ ಜೋಡಣೆಯಾದ ಮಿರರ್ ಡಿಸ್ಕ್‌ಗಳಿಂದ ಡೇಟಾ ಉಳಿಸಿಕೊಳ್ಳುವುದು ಹೇಗೆ?

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಆಫೀಸಿನ ಸರ್ವರ್‌ಗೆ ಎರಡು ಡಿಸ್ಕ್ ಹಾಕಿ ಮಿರರ್ ಮಾಡಿಸಿದ್ದೆವು. ಕರೆಂಟ್ ಹೋಗಿ ಬಂದ ಮೇಲೆ ಎರಡೂ ಬೇರೆ ಬೇರೆ ಕಾಣಿಸುತ್ತಿವೆ. ರಿಪೇರಿ ಅಂತ ಒಂದು ಬಟನ್ ಇದೆ, ಒತ್ತಬಹುದಾ?"

ಒತ್ತಬೇಡಿ. ಇನ್ನೂ ಒತ್ತಿಲ್ಲ ಎಂದರೆ ನಿಮ್ಮ ಡೇಟಾ ಬಹುಮಟ್ಟಿಗೆ ಹಾಗೇ ಇದೆ. ಮಿರರ್, ಅಂದರೆ ರೈಡ್ 1, ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲೂ ಪೂರ್ತಿಯಾಗಿ ಬರೆದಿಡುತ್ತದೆ. ಹಾಗಾಗಿ ಒಂದು ಡಿಸ್ಕ್ ಸರಿ ಇದ್ದರೂ ಎಲ್ಲವೂ ಸಿಗುತ್ತದೆ. ಇಲ್ಲಿ ಡೇಟಾ ಹೋಗುವುದು ಡಿಸ್ಕ್ ಕೆಟ್ಟು ಅಲ್ಲ, ನಕಲು ತಪ್ಪು ದಿಕ್ಕಿನಲ್ಲಿ ನಡೆದು. ಮೂರು ತಿಂಗಳ ಹಿಂದೆಯೇ ಕಳಚಿಕೊಂಡಿದ್ದ ಡಿಸ್ಕಿನ ಹಳೇ ಡೇಟಾ ಇವತ್ತಿನ ಡಿಸ್ಕಿನ ಮೇಲೆ ಬರೆದುಹೋದರೆ ಆ ಮೂರು ತಿಂಗಳ ಕೆಲಸವನ್ನು ಯಾವ ಲ್ಯಾಬೂ ವಾಪಸ್ ತರಲಾರದು. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ನಕಲಾಗಬೇಕು ಎಂದು ಯಂತ್ರ ತೀರ್ಮಾನಿಸುವ ಮೊದಲು ನೀವು ತೀರ್ಮಾನಿಸಬೇಕು. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ.

ಈ ಲೇಖನ ಲಿನಕ್ಸ್‌ನ ಎಂಡಿಎಡಿಎಂ ಎಂಬ ಸಾಧನದಿಂದ ಮಾಡಿದ ಮಿರರ್ ಕುರಿತದ್ದು. ಸಿನಾಲಜಿ, ಕ್ಯೂನ್ಯಾಪ್ ತರಹದ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ) ಪೆಟ್ಟಿಗೆಗಳ ಒಳಗೂ ಕೆಲಸ ಮಾಡುವುದು ಇದೇ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ.

ಮೊದಲು ಕೆಲವು ಪದಗಳು. ಸೂಪರ್‌ಬ್ಲಾಕ್ ಎಂದರೆ "ನಾನು ಇಂಥ ಮಿರರ್‌ಗೆ ಸೇರಿದವನು, ನನ್ನ ಜೊತೆ ಇನ್ನೊಬ್ಬನಿದ್ದಾನೆ" ಎಂದು ಪ್ರತಿ ಡಿಸ್ಕಿನ ಮೇಲೂ ಬರೆದಿರುವ ಸಣ್ಣ ವಿವರ. ರೀಸಿಂಕ್ ಎಂದರೆ ಒಂದು ಡಿಸ್ಕನ್ನು ಇನ್ನೊಂದಕ್ಕೆ ಸರಿಸಮ ಮಾಡುವ ನಕಲು. ಡಿಗ್ರೇಡೆಡ್ ಎಂದರೆ ಮಿರರ್ ಒಂದೇ ಕಾಲಿನ ಮೇಲೆ ನಿಂತಿದೆ ಎಂದರ್ಥ.

ಬೇಕಾದ ಸಾಮಾನು

ಮುಖ್ಯವಾಗಿ ಬೇಕಾದ್ದು ಮೂರನೆಯ ಡಿಸ್ಕ್. ನಿಮ್ಮ ಮಿರರ್ 4 ಟಿಬಿ ಆಗಿದ್ದರೆ ಇದು 6 ಅಥವಾ 8 ಟಿಬಿ ಇರಲಿ. ಇಡೀ ಡಿಸ್ಕಿನ ಪ್ರತಿಯನ್ನು ಫೈಲ್ ಆಗಿ ಇಡುವುದರಿಂದ 4 ಟಿಬಿ ಡಿಸ್ಕಿನಲ್ಲಿ ಜಾಗ ಸಾಲುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಸಿಎಂಆರ್ ಡಿಸ್ಕ್ ಎಂದು ಕೇಳಿ ತೆಗೆದುಕೊಳ್ಳಿ. ಎಸ್ಎಂಆರ್ ಎಂಬ ಬಗೆಯಲ್ಲಿ ಬರೆಯುವ ಪಟ್ಟೆಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ, ದೀರ್ಘ ನಕಲಿನ ನಡುವೆ ವೇಗ ನೆಲಕಚ್ಚುತ್ತದೆ. ಮನೆಗೆ ತಂದ ಕೂಡಲೇ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ಹಂತ 3 ನೋಡಿ) 9 ಎಂಬ ಸಂಖ್ಯೆ ಇರುವ ಸಾಲು, ಪವರ್ ಆನ್ ಅವರ್ಸ್, ನೋಡಿ. ಹೊಸ ಡಿಸ್ಕಿನಲ್ಲಿ ಅದು ಸೊನ್ನೆಯ ಆಸುಪಾಸು ಇರಬೇಕು. ಸಾವಿರಗಳಲ್ಲಿದ್ದರೆ ಅದು ಬಳಸಿದ ಡಿಸ್ಕ್.

ಇದರ ಜೊತೆಗೆ ಸಾಟಾ ಪೋರ್ಟ್ ಇರುವ ಡೆಸ್ಕ್‌ಟಾಪ್, ಹೊಸ ಸಾಟಾ ಕೇಬಲ್ ಎರಡು, ಲಿನಕ್ಸ್ ಬೂಟ್ ಆಗುವ ಪೆನ್‌ಡ್ರೈವ್, ಮಾರ್ಕರ್ ಮತ್ತು ನೋಟ್‌ಬುಕ್ ಬೇಕು. ಯುಎಸ್‌ಬಿ ಡಾಕ್ ಬೇಡ ಎನ್ನುವುದಕ್ಕೆ ಕಾರಣ ಇದೆ. ಕೆಲವು ಡಾಕ್‌ಗಳು 512 ಬೈಟಿನ ಸೆಕ್ಟರನ್ನು 4096 ಬೈಟಿನದು ಎಂದು ತೋರಿಸುತ್ತವೆ. ಆಗ ಪಾರ್ಟಿಷನ್‌ಗಳೇ ಕಾಣಿಸದೆ, ಡಿಸ್ಕ್ ಖಾಲಿಯಾಗಿದೆ ಎಂದು ನೀವು ಗಾಬರಿಯಾಗುತ್ತೀರಿ.

ಕರೆಂಟ್ ಲೆಕ್ಕ ಮೊದಲೇ ಹಾಕಿ. 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಲು ಸುಮಾರು ಏಳೂವರೆ ಗಂಟೆ ಬೇಕು. ಸಣ್ಣ ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಬೆಸ್ಕಾಂನ ಆ ದಿನದ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿಕೊಂಡು ಶುರು ಮಾಡಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯ ಹೊತ್ತು ಬೇಡ. ಮನೆಯ ಇನ್ವರ್ಟರ್ ನೆಚ್ಚಿಕೊಂಡಿದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ನಾರ್ಮಲ್ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಹಂತ 1: ಬರೆಯುವುದನ್ನು ನಿಲ್ಲಿಸಿ

/ಪ್ರಾಕ್/ಎಂಡಿಸ್ಟ್ಯಾಟ್ ಫೈಲನ್ನು ಕ್ಯಾಟ್ ಕಮಾಂಡಿನಿಂದ ಓದಿ. ‘ಯುಯು’ ಇದ್ದರೆ ಎರಡೂ ಡಿಸ್ಕ್ ಜೊತೆಗಿವೆ, ‘ಯು_’ ಇದ್ದರೆ ಒಂದು ಇಲ್ಲ. ಎಂಡಿ0 ಇರಬೇಕಾದ ಕಡೆ ಎಂಡಿ127 ಎಂದು ಕಂಡರೆ ಭಯ ಬೇಡ. ಸಂರಚನಾ ಫೈಲಿನಲ್ಲಿ ಈ ಮಿರರ್ ಹೆಸರಿಲ್ಲ, ಅದಕ್ಕೆ ವ್ಯವಸ್ಥೆ ತಾನೇ ಒಂದು ಸಂಖ್ಯೆ ಕೊಟ್ಟಿದೆ, ಅಷ್ಟೇ. ಇನ್‌ಆಕ್ಟಿವ್ ಎಂದಿದ್ದು ಡಿಸ್ಕಿನ ಪಕ್ಕ ಕಂಸದಲ್ಲಿ ‘ಎಸ್’ ಕಂಡರೂ ಡೇಟಾ ಹೋಗಿಲ್ಲ. ಜೋಡಣೆ ಅರ್ಧಕ್ಕೆ ನಿಂತಿದೆ.

ರೀಸಿಂಕ್ ಓಡುತ್ತಿದ್ದು ಅದರ ದಿಕ್ಕಿನ ಬಗ್ಗೆ ಸಣ್ಣ ಸಂಶಯವಿದ್ದರೂ ತಕ್ಷಣ /ಸಿಸ್/ಬ್ಲಾಕ್/ಎಂಡಿ0/ಎಂಡಿ/ಸಿಂಕ್_ಆಕ್ಷನ್ ಫೈಲಿಗೆ ‘ಫ್ರೋಜನ್’ ಎಂದು ಬರೆಯಿರಿ. ನಕಲು ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಶೇಕಡಾ ಆಗಿತ್ತು ಎಂದು ಗುರುತು ಹಾಕಿಕೊಂಡು ಯಂತ್ರ ಆಫ್ ಮಾಡಿ. ಶೇಕಡಾ 3ರಲ್ಲಿ ನಿಂತಿದ್ದರೆ ಉಳಿದ 97 ಭಾಗ ಇನ್ನೂ ಮೂಲ ರೂಪದಲ್ಲೇ ಇರುತ್ತದೆ.

ಮಾಡಲೇಬಾರದ ಕೆಲಸಗಳು ಇವು: ಫೈಲ್ ವ್ಯವಸ್ಥೆಯನ್ನು ತಿದ್ದುವ ಎಫ್ಎಸ್‌ಸಿಕೆ ಓಡಿಸುವುದು, ಎಂಡಿಎಡಿಎಂ --ಕ್ರಿಯೇಟ್ ಮತ್ತೆ ಕೊಡುವುದು, ನ್ಯಾಸ್‌ನಲ್ಲಿ ಹೊಸ ವಾಲ್ಯೂಮ್ ಮಾಡುವುದು, ಡಿಸ್ಕನ್ನು ವಿಂಡೋಸ್ ಯಂತ್ರಕ್ಕೆ ಹಾಕಿ "ಇನಿಶಿಯಲೈಸ್" ಕೇಳಿದಾಗ ಓಕೆ ಕೊಡುವುದು.

ಮದರ್‌ಬೋರ್ಡಿನ ಇಂಟೆಲ್ ರೈಡ್ ಬಳಸುವವರಿಗೆ ಒಂದು ಮಾತು. ಬೋರ್ಡಿನ ಮೇಲಿನ ಸಿಆರ್2032 ಸೆಲ್ ಸತ್ತರೆ ಬಯೋಸ್ ತನ್ನ ಮೂಲ ಸ್ಥಿತಿಗೆ ಹೋಗುತ್ತದೆ. ಸಾಟಾ ಮೋಡ್ ರೈಡ್‌ನಿಂದ ಎಎಚ್‌ಸಿಐಗೆ ಬದಲಾಗಿ ಎರಡು ಡಿಸ್ಕ್ ಬಿಡಿಬಿಡಿಯಾಗಿ ಕಾಣುತ್ತವೆ. ಸೆಲ್ ಬದಲಿಸಿ, ಮೋಡನ್ನು ರೈಡ್‌ಗೆ ತಂದರೆ ಎಷ್ಟೋ ಸಲ ಮಿರರ್ ತಾನಾಗಿ ವಾಪಸ್ ಬರುತ್ತದೆ. ಆದರೆ ಈ ನಡುವೆ ಬಿಡಿಯಾಗಿದ್ದಾಗ ವಿಂಡೋಸ್ ಬೂಟ್ ಆಗಿದ್ದರೆ ಒಂದು ಡಿಸ್ಕಿಗೆ ಮಾತ್ರ ಬರಹ ಬಿದ್ದಿರುತ್ತದೆ. ಆಗ ಮೋಡ್ ಬದಲಿಸುವ ಮೊದಲೇ ಪ್ರತಿ ತೆಗೆಯಿರಿ. ಅಲ್ಲಿನ ಮೆನುವಿನಲ್ಲಿರುವ "ರೀಸೆಟ್ ಡಿಸ್ಕ್ಸ್ ಟು ನಾನ್-ರೈಡ್" ಆಯ್ಕೆಯನ್ನು ಮುಟ್ಟಬೇಡಿ, ಅದು ಮಿರರ್ ವಿವರವನ್ನು ಅಳಿಸುತ್ತದೆ.

ಹಂತ 2: ಗುರುತು ಮಾಡಿ

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ನಂಬಬೇಕಾದ್ದು ಡಿಸ್ಕಿನ ಮೇಲಿನ ಸೀರಿಯಲ್ ನಂಬರ್. ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಡಿಸ್ಕಿನ ಅಂಚಿನಲ್ಲಿ ಮಾರ್ಕರ್‌ನಿಂದ ಬರೆಯಿರಿ, ಯಾವ ಪೋರ್ಟಿನಲ್ಲಿತ್ತು ಎಂಬುದನ್ನೂ ಸೇರಿಸಿ. ಮುಂದೆ ಪ್ರತಿ ಕಮಾಂಡಿಗೂ ಮೊದಲು ಸ್ಮಾರ್ಟ್‌ಸಿಟಿಎಲ್ -ಐ ಕೊಟ್ಟು ಆ ಅಕ್ಷರಗಳನ್ನು ತಾಳೆ ನೋಡಿ. ಇಷ್ಟು ಮಾಡಲು ಅರ್ಧ ನಿಮಿಷ ಸಾಕು. ತಪ್ಪು ಡಿಸ್ಕ್ ಅಳಿಸಿಹೋಗುವುದು ಇದನ್ನು ಬಿಟ್ಟವರಲ್ಲೇ.

ಹಂತ 3: ಆರೋಗ್ಯ ನೋಡಿ

ಒಂದು ಸಲಕ್ಕೆ ಒಂದೇ ಡಿಸ್ಕ್ ಜೋಡಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಲೈವ್ ಲಿನಕ್ಸ್ ತಾನೇ ಮಿರರ್ ಜೋಡಿಸಿ ರೀಸಿಂಕ್ ಶುರು ಮಾಡುವ ಸಾಧ್ಯತೆ ಇದೆ. ಒಂದೇ ಇದ್ದಾಗಲೂ ಎಂಡಿಸ್ಟ್ಯಾಟ್ ನೋಡಿ, ಏನಾದರೂ ಜೋಡಣೆಯಾಗಿದ್ದರೆ ಎಂಡಿಎಡಿಎಂ --ಸ್ಟಾಪ್ ಕೊಡಿ. ನಂತರ ಬ್ಲಾಕ್‌ಡೆವ್ --ಸೆಟ್‌ಆರ್‌ಒ ಕಮಾಂಡಿನಿಂದ ಡಿಸ್ಕನ್ನೂ ಅದರ ಪಾರ್ಟಿಷನ್‌ಗಳನ್ನೂ ಓದಲು ಮಾತ್ರ ಎಂದು ಮಾಡಿ.

ಸ್ಮಾರ್ಟ್‌ಸಿಟಿಎಲ್ -ಎ ವರದಿಯಲ್ಲಿ ನಾಲ್ಕು ಸಾಲು ಸಾಕು. 5 ಎಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು, 197 ಎಂದರೆ ಓದಲಾಗದೆ ಕಾದಿರುವವು, 198 ಎಂದರೆ ಸರಿಪಡಿಸಲಾಗದವು. 199 ಮಾತ್ರ ಏರಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಒಳ್ಳೆಯ ಡಿಸ್ಕನ್ನು ಕೆಟ್ಟಿತೆಂದು ಎಸೆಯುವ ಮುನ್ನ ಕೇಬಲ್ ಬದಲಿಸಿ ನೋಡಿ. ಡಿಸ್ಕ್ ಟಕ್ ಟಕ್ ಎಂದು ಬಡಿಯುತ್ತಿದ್ದರೆ, ಅಥವಾ ಬಯೋಸ್‌ನಲ್ಲೇ ಕಾಣದಿದ್ದರೆ ಅದನ್ನು ಮತ್ತೆ ಆನ್ ಮಾಡಬೇಡಿ. ಇನ್ನೊಂದು ಡಿಸ್ಕಿನಲ್ಲಿ ಡೇಟಾ ಸಿಗದಿದ್ದರೆ ಮಾತ್ರ ಎರಡನ್ನೂ ರಿಕವರಿ ಲ್ಯಾಬಿಗೆ ಕೊಂಡೊಯ್ಯಿರಿ. ವಾರಂಟಿಗೆ ಕಳಿಸಿದರೆ ಬೇರೆ ಡಿಸ್ಕ್ ಕೊಡುತ್ತಾರೆ, ಡೇಟಾ ಕೊಡುವುದಿಲ್ಲ.

ಹಂತ 4: ಯಾವುದು ಹೊಸದು?

ಇಲ್ಲಿ ಅವಸರ ಬೇಡ. ಎಂಡಿಎಡಿಎಂ --ಎಕ್ಸಾಮಿನ್ /ಡೆವ್/ಎಸ್‌ಡಿಬಿ1 ಎಂದು ಕೊಡಿ. ಇದು ಸೂಪರ್‌ಬ್ಲಾಕ್ ಓದುತ್ತದೆ, ಏನನ್ನೂ ಬರೆಯುವುದಿಲ್ಲ. ಬಂದದ್ದನ್ನು ಪೂರ್ತಿ ಫೈಲಿಗೆ ಉಳಿಸಿ, ಫೋನಿನಲ್ಲಿ ಫೋಟೊ ಕೂಡ ತೆಗೆಯಿರಿ. ಮುಂದೆ ಏನೇ ಎಡವಟ್ಟಾದರೂ ಇದೇ ನಿಮ್ಮ ಆಧಾರ. ಎರಡೂ ಡಿಸ್ಕಿನ ವಿವರವನ್ನು ಅಕ್ಕಪಕ್ಕ ಇಟ್ಟು ಹೀಗೆ ಓದಿ.

ಅಪ್‌ಡೇಟ್ ಟೈಮ್ ಎಂದರೆ ಮಿರರ್ ಆ ಡಿಸ್ಕಿಗೆ ಕೊನೆಯ ಸಲ ವಿವರ ಬರೆದ ಹೊತ್ತು. ಈವೆಂಟ್ಸ್ ಎಂದರೆ ಮಿರರ್‌ನ ಸ್ಥಿತಿ ಬದಲಾದಾಗಲೆಲ್ಲ ಏರುವ ಎಣಿಕೆ. ಒಂದರಲ್ಲಿ 48213, ಇನ್ನೊಂದರಲ್ಲಿ 31970 ಇದ್ದರೆ ಎರಡನೆಯದು ಬಹಳ ಹಿಂದೆಯೇ ಕಳಚಿದೆ. ವ್ಯತ್ಯಾಸ ಒಂದೆರಡಾಗಿದ್ದರೆ ಹಠಾತ್ತನೆ ಕರೆಂಟ್ ಹೋದದ್ದಷ್ಟೇ ಕಾರಣವಿರಬಹುದು.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಅರೇ ಸ್ಟೇಟ್ ಸಾಲು. ಬಹುತೇಕರು ಇದನ್ನು ತಲೆಕೆಳಗಾಗಿ ಓದುತ್ತಾರೆ. ‘ಎಎ’ ಎಂದರೆ ಇಬ್ಬರೂ ಇದ್ದೇವೆ ಎಂದು, ‘ಎ’ ಮತ್ತು ಒಂದು ಚುಕ್ಕಿ ಎಂದರೆ ಜೊತೆಗಾರ ಇಲ್ಲ ಎಂದು. ಒಂದು ಡಿಸ್ಕ್ ‘ಎಎ’, ಇನ್ನೊಂದು ‘ಎ.’ ತೋರಿಸಿದರೆ ‘ಎಎ’ ಎನ್ನುವುದೇ ಹಳೆಯದು. ಕಳಚಿಹೋದ ಡಿಸ್ಕಿಗೆ ಆಮೇಲೆ ಯಾರೂ ಏನೂ ಬರೆದಿಲ್ಲವಲ್ಲ, ಅದು ಕೊನೆಯ ಒಳ್ಳೆಯ ದಿನದ ವಿವರವನ್ನೇ ಹಿಡಿದುಕೊಂಡಿದೆ. ಜೊತೆಗಾರ ಇಲ್ಲ ಎಂದು ದೂರುವ ಡಿಸ್ಕಿನಲ್ಲೇ ಇತ್ತೀಚಿನ ಡೇಟಾ ಇರುವುದು.

ಎರಡೂ ಪರಸ್ಪರ "ಇನ್ನೊಬ್ಬ ಇಲ್ಲ" ಎಂದರೆ ಎರಡೂ ಬೇರೆ ಬೇರೆಯಾಗಿ ಓಡಿವೆ. ಇದನ್ನು ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಇಲ್ಲಿ ಈವೆಂಟ್ಸ್ ಹೋಲಿಸಿ ಗೆದ್ದವರನ್ನು ಆರಿಸಬೇಡಿ, ಎರಡರಲ್ಲೂ ಇನ್ನೊಂದರಲ್ಲಿ ಇಲ್ಲದ ಡೇಟಾ ಇದೆ.

ಡೇಟಾ ಆಫ್‌ಸೆಟ್ ಸಾಲನ್ನೂ ಬರೆದುಕೊಳ್ಳಿ. ಪಾರ್ಟಿಷನ್ ಶುರುವಿನಿಂದ ಎಷ್ಟು ಸೆಕ್ಟರ್ ಆದ ಮೇಲೆ ನಿಜವಾದ ಡೇಟಾ ಆರಂಭ ಎಂದು ಅದು ಹೇಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಸಾಮಾನ್ಯವಾಗಿ 2048, ದೊಡ್ಡ ಡಿಸ್ಕುಗಳ ಮೇಲೆ ಹೊಸ ಆವೃತ್ತಿಗಳಲ್ಲಿ 262144 ಅಥವಾ 264192.

ಹಂತ 5: ಪ್ರತಿ ತೆಗೆಯಿರಿ

ಹೊಸ ಡೇಟಾ ಇರುವ ಡಿಸ್ಕಿನಿಂದ ಶುರು ಮಾಡಿ. ಡಿಡಿರೆಸ್ಕ್ಯೂ -ಡಿ -ಎನ್, ಆಮೇಲೆ ಮೂಲ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ತಪ್ಪಿದರೆ ಮೂಲದ ಮೇಲೆಯೇ ಬರೆದುಬಿಡುತ್ತೀರಿ. ಎಂಟರ್ ಒತ್ತುವ ಮೊದಲು ಸೀರಿಯಲ್ ನಂಬರ್ ಇನ್ನೊಮ್ಮೆ ನೋಡಿ. ಮ್ಯಾಪ್ ಫೈಲಿನಲ್ಲಿ ಎಲ್ಲಿಯವರೆಗೆ ಓದಿತು, ಎಲ್ಲಿ ಓದಲಾಗಲಿಲ್ಲ ಎಂಬ ಲೆಕ್ಕ ಇರುತ್ತದೆ. ಕರೆಂಟ್ ಹೋದರೂ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮೊದಲ ಸುತ್ತು ಮುಗಿದ ಮೇಲೆ -ಎನ್ ತೆಗೆದು -ಆರ್3 ಹಾಕಿ, ಉಳಿದ ಕೆಟ್ಟ ಜಾಗಗಳನ್ನು ಮೂರು ಬಾರಿ ಪ್ರಯತ್ನಿಸುತ್ತದೆ.

ಮಿರರ್‌ನಲ್ಲಿ ಮಾತ್ರ ಸಾಧ್ಯವಾಗುವ ಒಂದು ಉಪಾಯವಿದೆ. ಇಡೀ ಡಿಸ್ಕಿನ ಬದಲು ಮೊದಲ ಡಿಸ್ಕಿನ ಪಾರ್ಟಿಷನ್ನಿನ ಪ್ರತಿ ಮಾತ್ರ ತೆಗೆದಾಗ ಕೆಲವು ಸೆಕ್ಟರ್ ಓದಲಾಗಲಿಲ್ಲ ಎಂದುಕೊಳ್ಳಿ. ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಇಟ್ಟು ಎರಡನೇ ಡಿಸ್ಕಿನ ಪಾರ್ಟಿಷನ್ ಅನ್ನು ಮೂಲವಾಗಿ ಕೊಟ್ಟರೆ ಬಿಟ್ಟುಹೋದ ಜಾಗಗಳು ಮಾತ್ರ ಅಲ್ಲಿಂದ ತುಂಬುತ್ತವೆ. ಎರಡರ ಈವೆಂಟ್ಸ್ ಸಮ ಇದ್ದು, ಡೇಟಾ ಆಫ್‌ಸೆಟ್ ಒಂದೇ ಆಗಿದ್ದರೆ ಮಾತ್ರ ಹೀಗೆ ಮಾಡಿ. ಹಳೆಯ ಡಿಸ್ಕಿನ ತುಂಡುಗಳನ್ನು ಹೊಸದರಲ್ಲಿ ಬೆರೆಸಿದರೆ ಫೈಲ್‌ಗಳು ನಿಮಗೆ ಗೊತ್ತೇ ಆಗದಂತೆ ಕೆಡುತ್ತವೆ.

ಹಂತ 6: ಪ್ರತಿಯನ್ನು ತೆರೆದು ನೋಡಿ

ಮೂಲ ಡಿಸ್ಕುಗಳನ್ನು ಬಿಚ್ಚಿ ಪಕ್ಕಕ್ಕಿಡಿ. ರೈಡ್ 1ರಲ್ಲಿ ಡೇಟಾ ಒಂದೇ ಸಾಲಾಗಿ ಇರುವುದರಿಂದ ಮಿರರ್ ಜೋಡಿಸದೆಯೂ ಓದಬಹುದು. ಆಫ್‌ಸೆಟ್ 262144 ಸೆಕ್ಟರ್ ಆಗಿದ್ದರೆ 512ರಿಂದ ಗುಣಿಸಿ, 134217728 ಬೈಟ್ ಬರುತ್ತದೆ. ಪಾರ್ಟಿಷನ್ನಿನ ಇಮೇಜಿಗೆ, ಫೈಲನ್ನು ಡಿಸ್ಕಿನಂತೆ ತೋರಿಸುವ ಲೂಸೆಟಪ್ -ಆರ್ -ಒ 134217728 ಕೊಟ್ಟರೆ ಫೈಲ್ ವ್ಯವಸ್ಥೆ ನೇರ ಸಿಗುತ್ತದೆ. ಇಡೀ ಡಿಸ್ಕಿನ ಇಮೇಜ್ ಆಗಿದ್ದರೆ ಪಾರ್ಟಿಷನ್ ಶುರುವಾಗುವ ಜಾಗದ ಬೈಟ್ ಲೆಕ್ಕವನ್ನೂ ಇದಕ್ಕೆ ಕೂಡಿಸಬೇಕು.

ಮೌಂಟ್ ಮಾಡುವಾಗ ಬರೀ ‘ಆರ್‌ಒ’ ಸಾಲದು. ಎಕ್ಸ್ಟ್4 ಫೈಲ್ ವ್ಯವಸ್ಥೆ ಓದಲು ಮಾತ್ರ ಎಂದರೂ ಬಾಕಿ ಉಳಿದ ಜರ್ನಲ್ ಬರಹವನ್ನು ಮುಗಿಸಲು ಹೋಗುತ್ತದೆ. ಆದ್ದರಿಂದ ‘ಆರ್‌ಒ,ನೋಲೋಡ್’ ಕೊಡಿ. ಎಕ್ಸ್ಎಫ್ಎಸ್ ಆಗಿದ್ದರೆ ‘ಆರ್‌ಒ,ನೋರಿಕವರಿ,ನೋಯುಯುಐಡಿ’. ಬಿಟಿಆರ್‌ಎಫ್ಎಸ್ ಆಗಿದ್ದರೆ ಎರಡು ಪ್ರತಿಗಳನ್ನು ಎಂದಿಗೂ ಒಟ್ಟಿಗೆ ಜೋಡಿಸಬೇಡಿ. ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಇರುವುದರಿಂದ ಅದು ಒಂದನ್ನು ಇನ್ನೊಂದೆಂದು ತಿಳಿಯುತ್ತದೆ.

ಫೋಲ್ಡರ್ ಪಟ್ಟಿ ಕಂಡ ಕೂಡಲೇ ಸಮಾಧಾನ ಪಡಬೇಡಿ. ಇತ್ತೀಚಿನ ದೊಡ್ಡ ಫೈಲ್‌ಗಳನ್ನು ನಿಜವಾಗಿ ತೆರೆಯಿರಿ: ಹೋದ ವಾರದ ವಿಡಿಯೊ, ನಿನ್ನೆಯ ಬಿಲ್, ಟ್ಯಾಲಿ ಡೇಟಾ. ತೆರೆದುಕೊಂಡರೆ ಮೊದಲು ಮುಖ್ಯವಾದದ್ದನ್ನೆಲ್ಲ ಬೇರೆ ಕಡೆ ನಕಲಿಸಿ. ಮಿರರ್ ದುರಸ್ತಿ ಆಮೇಲೆ.

ಹಂತ 7: ನಿಮ್ಮ ಪರಿಸ್ಥಿತಿ ಯಾವುದು?

ಒಂದು ಡಿಸ್ಕ್ ಕಳಚಿದ್ದರೆ ಕೆಲಸ ಸುಲಭ. ಹೊಸ ಡೇಟಾ ಇರುವ ಡಿಸ್ಕನ್ನು ಮಾತ್ರ ಹಾಕಿ ಎಂಡಿಎಡಿಎಂ --ಅಸೆಂಬಲ್ --ರನ್ ಕೊಟ್ಟರೆ ಒಂಟಿಯಾಗಿಯೇ ಏಳುತ್ತದೆ. ಹಂತ 8ಕ್ಕೆ ಹೋಗಿ.

ಯಾರೋ ಮತ್ತೆ --ಕ್ರಿಯೇಟ್ ಕೊಟ್ಟಿದ್ದರೆ ಹಳೆಯ ಸೂಪರ್‌ಬ್ಲಾಕ್ ಹೋಗಿರುತ್ತದೆ, ಆಫ್‌ಸೆಟ್ ಕೂಡ ಬದಲಾಗಿರಬಹುದು. ಹೀಗಾದಾಗ ಡಿಸ್ಕ್ ಖಾಲಿ ಎನ್ನಿಸುತ್ತದೆ. ಡೇಟಾ ಅಲ್ಲೇ ಇರುತ್ತದೆ, ಬಾಗಿಲು ಮಾತ್ರ ಬೇರೆ ಜಾಗದಲ್ಲಿದೆ. ಮೇಲೆ ಹೇಳಿದ ಮೂರು ಆಫ್‌ಸೆಟ್‌ಗಳನ್ನು ಒಂದೊಂದಾಗಿ ಪ್ರತಿಯ ಮೇಲೆ ಲೂಸೆಟಪ್‌ಗೆ ಕೊಟ್ಟು, ಬಿಎಲ್‌ಕೆಐಡಿ -ಪಿ ಕಮಾಂಡ್ ಫೈಲ್ ವ್ಯವಸ್ಥೆಯನ್ನು ಗುರುತಿಸುತ್ತದೆಯೇ ನೋಡಿ. ಸಿಕ್ಕಿದರೆ ಅಲ್ಲಿಂದಲೇ ಡೇಟಾ ನಕಲಿಸಿ, ಹೊಸ ಮಿರರ್ ಕಟ್ಟುವುದು ನನ್ನ ಮಟ್ಟಿಗೆ ಸುರಕ್ಷಿತ ದಾರಿ. ಹಳೆಯ ಜೋಡಣೆಯನ್ನೇ ಮರಳಿ ತರಬೇಕೆಂದರೆ --ಅಸ್ಯೂಮ್-ಕ್ಲೀನ್ ಸೇರಿಸಿ, ಎರಡನೇ ಡಿಸ್ಕಿನ ಜಾಗದಲ್ಲಿ ‘ಮಿಸ್ಸಿಂಗ್’ ಎಂದು ಬರೆದು, ಮೆಟಾಡೇಟಾ (ಸೂಪರ್‌ಬ್ಲಾಕಿನ) ಆವೃತ್ತಿ ಮತ್ತು ಆಫ್‌ಸೆಟ್ ಹಳೆಯದನ್ನೇ ಕೊಡಬೇಕು. ಎಕ್ಸಾಮಿನ್ ಆಫ್‌ಸೆಟನ್ನು ಸೆಕ್ಟರ್‌ಗಳಲ್ಲಿ ತೋರಿಸುತ್ತದೆ, ಕ್ರಿಯೇಟ್ ಅದನ್ನು ಕಿಲೋಬೈಟ್‌ಗಳಲ್ಲಿ ಕೇಳುತ್ತದೆ. 262144 ಸೆಕ್ಟರ್ ಎಂದರೆ 131072 ಕಿಲೋಬೈಟ್. ಈ ಅರ್ಧ ಮಾಡುವ ಲೆಕ್ಕ ಮರೆತು ಬಹಳ ಜನ ಎಡವುತ್ತಾರೆ.

ಪ್ರತಿ ರೀಬೂಟ್‌ಗೆ ಮಿರರ್ ಮಾಯವಾಗುತ್ತಿದ್ದರೆ ಪಾರ್ಟಿಷನ್ ಮಾಡದೆ ಇಡೀ ಡಿಸ್ಕಿನ ಮೇಲೆ ಕಟ್ಟಿದ್ದೀರಾ ನೋಡಿ. 1.2 ಆವೃತ್ತಿಯ ಸೂಪರ್‌ಬ್ಲಾಕ್ ಡಿಸ್ಕಿನ ಶುರುವಿನಿಂದ 4 ಕಿಲೋಬೈಟ್ ದೂರದಲ್ಲಿದೆ. ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿ ಕೂರುವ ಜಾಗವೂ ಅದೇ. ಡಿಸ್ಕಿನ ಕೊನೆಯಲ್ಲಿ ಹಿಂದಿನ ಜಿಪಿಟಿಯ ಮೀಸಲು ಪ್ರತಿ ಉಳಿದಿದ್ದರೆ, ಕೆಲವು ಮದರ್‌ಬೋರ್ಡ್‌ಗಳು "ಪಟ್ಟಿ ಹಾಳಾಗಿದೆ" ಎಂದುಕೊಂಡು ಅದನ್ನು ಶುರುವಿಗೆ ನಕಲಿಸಿ ಸೂಪರ್‌ಬ್ಲಾಕ್ ಅಳಿಸಿಬಿಡುತ್ತವೆ. ನಿಜವಾದ ಡೇಟಾ ಆಫ್‌ಸೆಟ್‌ನ ಆಚೆ ಇರುವುದರಿಂದ ಅದಕ್ಕೆ ಏನೂ ಆಗಿರುವುದಿಲ್ಲ. ಡೇಟಾ ಹೊರತೆಗೆದು, ಈ ಸಲ ಪಾರ್ಟಿಷನ್ ಮಾಡಿ ಅದರ ಮೇಲೆ ಮಿರರ್ ಕಟ್ಟಿ.

ಸ್ಪ್ಲಿಟ್ ಬ್ರೈನ್ ಆಗಿದ್ದರೆ ಎರಡೂ ಡಿಸ್ಕಿನ ಪ್ರತಿ ಬೇಕೇಬೇಕು. ಆರ್‌ಸಿಂಕ್ -ಆರ್‌ಎನ್‌ಸಿವಿ ಕೊಟ್ಟರೆ ನಕಲು ಮಾಡದೆ ವ್ಯತ್ಯಾಸದ ಪಟ್ಟಿ ಮಾತ್ರ ಕೊಡುತ್ತದೆ. ಫೋಟೊ, ಪತ್ರಗಳನ್ನು ಎರಡೂ ಕಡೆಯಿಂದ ಆರಿಸಿಕೊಳ್ಳಬಹುದು. ಆದರೆ ಟ್ಯಾಲಿ ಕಂಪನಿ ಫೋಲ್ಡರ್ ಅಥವಾ ಯಾವುದೇ ಡೇಟಾಬೇಸನ್ನು ಇಡಿಯಾಗಿ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಒಳಗಿನ ಫೈಲ್‌ಗಳನ್ನು ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ಸೇರಿಸಿದರೆ ಎರಡೂ ಕೆಡುತ್ತವೆ. ಇನ್ನೊಂದು ಕಡೆ ಇರುವ ವೋಚರ್‌ಗಳನ್ನು ಆಮೇಲೆ ಕೈಯಿಂದ ನಮೂದಿಸುವುದೇ ದಾರಿ.

ಹಂತ 8: ಮಿರರ್ ಮತ್ತೆ ಕಟ್ಟಿ

ಸೇರಿಸಲಿರುವ ಡಿಸ್ಕ್ ಹಳೆಯದಕ್ಕಿಂತ ಒಂದು ಸೆಕ್ಟರ್ ಕಡಿಮೆ ಇದ್ದರೂ ಸಮಸ್ಯೆಯಾಗಬಹುದು. 4 ಟಿಬಿ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 7814037168 ಸೆಕ್ಟರ್ ಇರುತ್ತವೆ, ಎರಡರಲ್ಲೂ ತಾಳೆ ನೋಡಿ. ಪಾರ್ಟಿಷನ್ ಪಟ್ಟಿ ನಕಲಿಸಲು ಎಸ್‌ಎಫ್‌ಡಿಸ್ಕ್ -ಡಿ ಬಳಸಿ: ಹಳೆಯದರ ಪಟ್ಟಿಯನ್ನು ಫೈಲಿಗೆ ಉಳಿಸಿ, ಕಣ್ಣಾರೆ ಓದಿ, ಆಮೇಲೆ ಹೊಸದಕ್ಕೆ ಕೊಡಿ. ಎಸ್‌ಜಿಡಿಸ್ಕ್ -ಆರ್ (ಇಲ್ಲಿ ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರದ ಆರ್) ಕೂಡ ಇದನ್ನೇ ಮಾಡುತ್ತದೆ, ಆದರೆ ಅದರಲ್ಲಿ ಬರೆಯಬೇಕಾದ ಡಿಸ್ಕ್ ಮೊದಲು ಬರುತ್ತದೆ, ಮೂಲ ಕೊನೆಗೆ. ಅದಲುಬದಲಾಗುವುದು ಬಹಳ ಸುಲಭ.

ಹಳೆಯ ಡೇಟಾ ಇದ್ದ ಡಿಸ್ಕನ್ನೇ ಮತ್ತೆ ಬಳಸುವುದಾದರೆ ಅದರ ಪಾರ್ಟಿಷನ್ ಮೇಲೆ ಎಂಡಿಎಡಿಎಂ --ಜೀರೋ-ಸೂಪರ್‌ಬ್ಲಾಕ್ ಕೊಟ್ಟು, ಆಮೇಲೆ ಎಂಡಿಎಡಿಎಂ /ಡೆವ್/ಎಂಡಿ0 --ಆಡ್ ಕೊಡಿ. ಈಗ ನಕಲಿನ ದಿಕ್ಕಿನ ಬಗ್ಗೆ ಯಾವ ಗೊಂದಲವೂ ಇಲ್ಲ: ಓಡುತ್ತಿರುವ ಮಿರರ್‌ನಿಂದ ಈಗ ಸೇರಿದ ಡಿಸ್ಕಿಗೆ. ಎಂಡಿಸ್ಟ್ಯಾಟ್‌ನಲ್ಲಿ ರಿಕವರಿ ಶೇಕಡಾ ಏರುತ್ತಾ ಹೋಗುತ್ತದೆ.

ಇದು ಮುಗಿದ ಮೇಲೆ ಎಂಡಿಎಡಿಎಂ --ಡಿಟೇಲ್ --ಸ್ಕ್ಯಾನ್ ಕೊಡುವ ಸಾಲನ್ನು /ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್ ಫೈಲಿಗೆ ಸೇರಿಸಿ. ಅಲ್ಲಿ ಹಳೆಯ ‘ಅರೇ’ ಸಾಲು ಇದ್ದರೆ ತೆಗೆಯಿರಿ, ಎರಡೂ ಉಳಿದರೆ ಮುಂದಿನ ಬೂಟ್‌ನಲ್ಲಿ ಮತ್ತೆ ಎಂಡಿ127 ಬರಬಹುದು. ಉಬುಂಟು, ಡೆಬಿಯನ್‌ನಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್ -ಯು ಓಡಿಸದಿದ್ದರೆ ಈ ಬದಲಾವಣೆ ಬೂಟ್ ಹೊತ್ತಿಗೆ ತಲುಪುವುದೇ ಇಲ್ಲ. ಇದೇ ಮಿರರ್‌ನಿಂದ ಯಂತ್ರ ಬೂಟ್ ಆಗುವುದಾದರೆ ಎರಡನೇ ಡಿಸ್ಕಿಗೂ ಬೂಟ್ ಮಾಡಿಸುವ ಗ್ರಬ್ ಹಾಕಿ.

ಹಂತ 9: ತಾಳೆ ನೋಡಿ

ಸಿಂಕ್_ಆಕ್ಷನ್ ಫೈಲಿಗೆ ‘ಚೆಕ್’ ಎಂದು ಬರೆದರೆ ಎರಡೂ ಡಿಸ್ಕ್ ಪೂರ್ತಿ ಹೋಲಿಕೆಯಾಗುತ್ತದೆ. ಮುಗಿದ ಮೇಲೆ ಮಿಸ್‌ಮ್ಯಾಚ್_ಸಿಎನ್‌ಟಿ ಫೈಲ್ ಸೊನ್ನೆ ಇರಬೇಕು. ಮಿರರ್ ಮೇಲೆ ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಜಾಗ) ಇದ್ದರೆ ಸಣ್ಣ ಸಂಖ್ಯೆ ಬರುವುದುಂಟು, ಅದರಿಂದ ತೊಂದರೆಯಿಲ್ಲ. ಡೇಟಾ ಮಾತ್ರ ಇರುವ ಮಿರರ್‌ನಲ್ಲಿ ಸಂಖ್ಯೆ ಬಂದರೆ ಕೇಬಲ್ ಮತ್ತು ರ‍್ಯಾಮ್ ಪರೀಕ್ಷಿಸಿ. ‘ರಿಪೇರ್’ ಎಂದು ಬರೆಯುವ ಮೊದಲು ಯೋಚಿಸಿ, ರೈಡ್ 1ರಲ್ಲಿ ಯಾವುದು ಸರಿ ಎಂದು ಅದಕ್ಕೆ ತಿಳಿಯುವುದಿಲ್ಲ, ಒಂದನ್ನು ಇನ್ನೊಂದರ ಮೇಲೆ ಬರೆದು ಸಮ ಮಾಡುತ್ತದೆ.

ಕಾನ್ಫ್ ಫೈಲಿನಲ್ಲಿ ಮೇಲ್‌ಆಡ್ರ್ ಸಾಲಿಗೆ ನಿಮ್ಮ ಇಮೇಲ್ ಹಾಕಿ, ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್ ಕೊಡಿ. ಪರೀಕ್ಷೆಯ ಮೇಲ್ ಇನ್‌ಬಾಕ್ಸಿಗೆ ಬರದಿದ್ದರೆ ಮೇಲ್ ಕಳಿಸುವ ವ್ಯವಸ್ಥೆಯನ್ನು ಸರಿಮಾಡುವವರೆಗೂ ಈ ಹಂತ ಮುಗಿದಿಲ್ಲ. ತಿಂಗಳುಗಟ್ಟಲೆ ಒಂಟಿ ಡಿಸ್ಕಿನಲ್ಲಿ ಓಡಿದ್ದು ಯಾರಿಗೂ ತಿಳಿಯದೆ ಹೋಗುವುದಕ್ಕೆ ಕಾರಣ ಈ ಮೇಲ್ ಬರದಿರುವುದೇ. ಮೂರನೇ ಡಿಸ್ಕಿನಲ್ಲಿರುವ ಇಮೇಜ್ ಮತ್ತು ಎಕ್ಸಾಮಿನ್ ವಿವರದ ಫೈಲನ್ನು ಈ ಚೆಕ್ ಸೊನ್ನೆ ತೋರಿಸಿ, ಆಫೀಸಿನವರು ತಮ್ಮ ಫೈಲ್‌ಗಳೆಲ್ಲ ಸರಿ ಇವೆ ಎಂದು ಹೇಳುವವರೆಗೆ ಅಳಿಸಬೇಡಿ.